ಪ್ರವಾಸ ಸಾಹಿತ್ಯವೂ ಕೈಕಸುಬಿನ ಊರುಗಳೂ

ಹೊಸಗನ್ನಡದ ಪ್ರವಾಸ ಸಾಹಿತ್ಯದಲ್ಲಿ ಹೆಸರಾದ ಪುಸ್ತಕಗಳನ್ನು ನೆನೆದರೆ ಅವು ಮುಖ್ಯವಾಗಿ ಎರಡು ದಿಕ್ಕಿಗೆ ಹೊರಟಿರುವುದು ಕಾಣುತ್ತದೆ. ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ' ನಮ್ಮನ್ನು ಹಾಳುಹಂಪೆಯ ಕಲ್ಲುಗಳ ನಡುವೆ ನಿಲ್ಲಿಸಿತು. ಗೋಕಾಕರ 'ಸಮುದ್ರದಾಚೆಯಿಂದ', ಕಾರಂತರ 'ಅಪೂರ್ವ ಪಶ್ಚಿಮ', ಗೊರೂರರ 'ಅಮೆರಿಕದಲ್ಲಿ ಗೊರೂರು' ಇವು ಕಡಲಾಚೆಯ ನಾಡುಗಳನ್ನು ತೋರಿಸಿದುವು. ಒಂದು ದಿಕ್ಕಿನಲ್ಲಿ ಗತವೈಭವ, ಇನ್ನೊಂದು ದಿಕ್ಕಿನಲ್ಲಿ ಪರದೇಶ. ಹೆದ್ದಾರಿಯನ್ನು ಬಿಟ್ಟು, ಹೆಸರು ಕೇಳದ ಒಳದಾರಿಯನ್ನು ಹಿಡಿದು, ನೇಯುವವರ, ಹೆಣೆಯುವವರ, ಮಡಕೆ ಮಾಡುವವರ ಊರಿಗೆ ಹೋಗಿಬರುವ ಮೂರನೆಯ ದಿಕ್ಕೂ ಈಗ ತೆರೆದಿದೆ. ಕಚ್ಛದ ರಣ, ಜೈಸಲ್ಮೇರಿನ ಮರಳು, ಬಸ್ತಾರದ ಕಾಡು ಇವುಗಳ ಮೇಲಿನ ಲೇಖನಗಳು ನಮ್ಮ ಪತ್ರಿಕೆಗಳ ಭಾನುವಾರದ ಪುಟಗಳಲ್ಲಿ ಆಗಾಗ ಬರುತ್ತಿವೆ. ಇದು ಸಂತೋಷದ ಸಂಗತಿಯೇ. ಆದರೆ ಹೊಸ ದಾರಿಯಲ್ಲಿ ನಡೆದ ಮಾತ್ರಕ್ಕೆ ನೋಟವೂ ಹೊಸತಾಯಿತೆಂದು ಹೇಳಲು ಬಾರದು.

ಇಂತಹ ಲೇಖನಗಳನ್ನು ನಾಲ್ಕಾರು ಓದಿದವರಿಗೆ ಅವುಗಳ ನಡಿಗೆ ಬಾಯಿಪಾಠವಾಗಿಬಿಡುತ್ತದೆ. ಮೊದಲು ರಸ್ತೆಯ ದುರವಸ್ಥೆ. ಅನಂತರ ಮರಳಿನ ಮೇಲೆ ಬೆಳದಿಂಗಳು. ಆ ಬಳಿಕ ಬಣ್ಣಬಣ್ಣದ ಉಡುಗೆ, ಸುಕ್ಕುಗಟ್ಟಿದ ಮುಖದ ಒಬ್ಬ ಮುದುಕ, ಅವನು ಕೊಟ್ಟ ಚಹಾ. 'ಬಡವರು, ಆದರೆ ತೃಪ್ತರು' ಎಂಬ ಒಂದು ವಾಕ್ಯ. 'ಈ ಕಲೆ ಅಳಿವಿನಂಚಿನಲ್ಲಿದೆ' ಎಂಬ ಇನ್ನೊಂದು. ಕೊನೆಗೆ, ಲೇಖಕರು ಕೊಂಡು ತಂದ ವಸ್ತುವಿನ ಚಿತ್ರ. ಪುಟ ಮಗುಚಿದ ಮೇಲೆ ವಾಚಕನ ಕೈಯಲ್ಲಿ ಉಳಿಯುವುದೇನು? ಆ ಮುದುಕನ ಹೆಸರಿಲ್ಲ. ಅವನ ಕೈಯಲ್ಲಿದ್ದ ಸಾಮಗ್ರಿ ಎಲ್ಲಿಂದ ಬಂದಿತೆಂಬುದಿಲ್ಲ. ಅವನು ಮಾಡಿದ ವಸ್ತು ಅವನ ಊರಿನಲ್ಲಿ ಯಾವ ಕೆಲಸಕ್ಕೆ ಬರುತ್ತದೆಂಬುದಿಲ್ಲ. ಅದಕ್ಕೆ ಅವನಿಗೆ ಸಿಕ್ಕಿದ್ದೆಷ್ಟು ಎಂಬುದಂತೂ ಇಲ್ಲವೇ ಇಲ್ಲ.

ಹೆಸರು, ಸಾಮಗ್ರಿ, ಬಳಕೆ, ಬೆಲೆ: ಕೈಕಸುಬಿನ ಊರನ್ನು ಕುರಿತ ಬರವಣಿಗೆಯನ್ನು ಈ ನಾಲ್ಕು ಪ್ರಶ್ನೆಗಳಿಂದ ಪರೀಕ್ಷಿಸಬೇಕೆಂಬುದು ನನ್ನ ವಾದ. 'ಇದು ಸಾಹಿತ್ಯವಿಮರ್ಶೆಯೋ, ಜನಗಣತಿಯವರ ಪ್ರಶ್ನಾವಳಿಯೋ?' ಎಂದು ಸಹೃದಯರು ಕೇಳಬಹುದು. ಕೇಳತಕ್ಕ ಮಾತೇ. ಆದರೆ ರಸವೆಂಬುದು ವಿವರವನ್ನು ಬಿಟ್ಟು ಆಕಾಶದಲ್ಲಿ ಹುಟ್ಟುವುದಿಲ್ಲ. ರಾಜಸ್ಥಾನದ ಬರಹಗಾರ ವಿಜಯದಾನ್ ದೇಥಾ ಅವರು ತಮ್ಮ ಹಳ್ಳಿಯಾದ ಬೋರುಂದಾದಲ್ಲಿಯೇ ನೆಲೆಸಿ, ೧೯೬೦ರಲ್ಲಿ ಕೋಮಲ್ ಕೊಠಾರಿಯವರೊಡನೆ ರೂಪಾಯನ ಸಂಸ್ಥಾನವನ್ನು ಕಟ್ಟಿ, ತಮ್ಮ ಸೀಮೆಯ ಕಥೆಗಳನ್ನು ರಾಜಸ್ಥಾನಿಯಲ್ಲಿ ಬರೆದರು. ಮರುಭೂಮಿಯ ಜೀವನ ಅವರಿಗೆ ದೃಶ್ಯವಾಗಿರಲಿಲ್ಲ, ನೆರೆಮನೆಯಾಗಿತ್ತು. ದಾರಿಹೋಕನಿಗೆ ಅಷ್ಟು ಕಾಲದ ವಾಸ ಸಾಧ್ಯವಿಲ್ಲವೆಂಬುದು ನಿಜ. ಆದರೆ ಎರಡು ದಿನದ ಅತಿಥಿಯೂ ನಾಲ್ಕು ಪ್ರಶ್ನೆ ಕೇಳಬಹುದು.

ಕೇಳಿದರೆ ಏನು ದೊರೆಯುತ್ತದೆ ಎಂಬುದಕ್ಕೆ ಕಚ್ಛದ ಅಜರಖ್ ಬಟ್ಟೆಯನ್ನೇ ನೋಡಬಹುದು. ಮರದ ಅಚ್ಚಿನಿಂದ ಒತ್ತಿದ, ನೀಲಿ ಮತ್ತು ಕೆಂಪಿನ ಆ ಬಟ್ಟೆಯ ಚೆಲುವನ್ನು ವರ್ಣಿಸದ ಪ್ರವಾಸಿಯಿಲ್ಲ. ನೀಲಿ ಬರುವುದು ನೀಲಿಗಿಡದಿಂದ. ಕೆಂಪು ಮಂಜಿಷ್ಠದ ಜಾತಿಯ ಬಣ್ಣದಿಂದ. ಕಪ್ಪು ಬರುವುದು ತುಕ್ಕುಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದೊಡನೆ ಕೊಳೆಯಿಸಿದ ರಸದಿಂದ. ಇಷ್ಟು ಬಣ್ಣಗಳನ್ನು ಮತ್ತೆಮತ್ತೆ ತೊಳೆದು ನಿಲ್ಲಿಸಬೇಕಾದರೆ ಬೇಕಾದ ವಸ್ತು ನೀರು. ಮರುಭೂಮಿಯ ಅಂಚಿನ ಕಸುಬು ನಿಂತಿರುವುದು ನೀರಿನ ಮೇಲೆ! ಧಮಡ್ಕಾ ಎಂಬ ಊರಿನ ಖತ್ರಿ ಮನೆತನಗಳು ಸಾರಣ್ ನದಿಯನ್ನು ನಂಬಿ ಅಲ್ಲಿ ನೆಲೆಸಿದ್ದವು. ನದಿ ಬತ್ತಿತು, ಬಾವಿಯ ನೀರು ಕೆಳಕ್ಕಿಳಿಯಿತು. ೨೦೦೧ರ ಜನವರಿ ೨೬ರ ಭೂಕಂಪದ ಬಳಿಕ ನೀರಿನಲ್ಲಿ ಕಬ್ಬಿಣದ ಅಂಶವೂ ಹೆಚ್ಚಿ ಬಣ್ಣ ಕೆಡತೊಡಗಿತು. ಆಗ ಹಲವು ಮನೆತನಗಳು ಭುಜ್ ನಗರದ ಹತ್ತಿರ ಅಜರಖ್‌ಪುರವೆಂಬ ಹೊಸ ಊರನ್ನೇ ಕಟ್ಟಿಕೊಂಡವು. ಒಂದು ಬಟ್ಟೆಗಾಗಿ, ಆ ಬಟ್ಟೆಗೆ ಬೇಕಾದ ನೀರಿಗಾಗಿ, ಒಂದು ಊರು ಎದ್ದುಹೋಯಿತು. ಇದಕ್ಕಿಂತ ದೊಡ್ಡ ಕಥಾವಸ್ತು ಯಾವುದು? ಆದರೆ ಬಣ್ಣವನ್ನಷ್ಟೆ ಕಂಡು, 'ನೀರೆಲ್ಲಿಯದು?' ಎಂದು ಕೇಳದವನಿಗೆ ಈ ಕಥೆ ಸಿಗುವುದಿಲ್ಲ. ಸಾಮಗ್ರಿಯ ಪ್ರಶ್ನೆ ಒಣಪ್ರಶ್ನೆಯಲ್ಲವೆಂದು ಇದರಿಂದ ತಿಳಿಯುತ್ತದೆ.

ಹೆಸರಿನ ಪ್ರಶ್ನೆಗೆ ಇನ್ನೊಂದು ಮರುಭೂಮಿಯಿಂದ ನಿದರ್ಶನ ಕೊಡಬಹುದು. ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಸಾನ್ ಇಲ್ಡೆಫಾನ್ಸೊ ಎಂಬ ಮೂಲನಿವಾಸಿಗಳ ಹಳ್ಳಿಯಿದೆ. ಅಲ್ಲಿಯ ಮರಿಯಾ ಮಾರ್ಟಿನೆಜ್ ಎಂಬಾಕೆಯೂ ಆಕೆಯ ಗಂಡ ಜೂಲಿಯನ್ನನೂ ಹೊಳೆಯುವ ಕಪ್ಪಿನ ಮೇಲೆ ಮಾಸಲು ಕಪ್ಪಿನ ಚಿತ್ರವಿರುವ ಮಡಕೆಗಳನ್ನು ಮಾಡಿ, ಕಳೆದ ಶತಮಾನದ ಮೊದಲ ಭಾಗದಲ್ಲಿ ಲೋಕಪ್ರಸಿದ್ಧರಾದರು. ಮಡಕೆಯ ಅಡಿಯಲ್ಲಿ ಹೆಸರು ಹಾಕುವ ವಾಡಿಕೆ ಆ ಊರಿನದಾಗಿರಲಿಲ್ಲ. ಕೊಳ್ಳುವ ಹೊರಗಿನವರಿಗೆ ಅದು ಬೇಕಾಯಿತು. ಮರಿಯಾ ಹೆಸರು ಬರೆದಳು. ಹೆಸರಿದ್ದ ಮಡಕೆಗೆ ಹೆಚ್ಚು ಬೆಲೆಯೆಂದು ಕಂಡಾಗ ನೆರೆಹೊರೆಯವರು ಮಾಡಿದ ಮಡಕೆಗಳ ಮೇಲೂ ತನ್ನ ಹೆಸರನ್ನು ಬರೆದುಕೊಟ್ಟಳು. ಸಂಗ್ರಹಕಾರರಿಗೆ ಇದು ಕಸಿವಿಸಿಯ ವಿಷಯ. ಆಕೆಗೆ ಮಾತ್ರ ಹೆಸರೆಂಬುದು ಬಾವಿಯ ನೀರಿನಂತೆ ಊರಿಗೆಲ್ಲ ಹಂಚಿಕೊಳ್ಳುವ ವಸ್ತುವಾಗಿತ್ತು. ಹೆಸರು ಕೇಳಿದವನಿಗೆ ಹೆಸರಷ್ಟೇ ಅಲ್ಲ, ಆ ಊರಿನ ಧರ್ಮವೂ ತಿಳಿಯುತ್ತದೆ.

ಮರುಭೂಮಿಯ ಮಾತನ್ನು ಇಲ್ಲಿಗೆ ನಿಲ್ಲಿಸೋಣ. ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ಕಚ್ಛದವರೆಗೆ ಹೋಗಬೇಕಾಗಿಲ್ಲ. ಉಡುಪಿ ಜಿಲ್ಲೆಯ ಉತ್ತರದ ತುದಿಯಲ್ಲಿ, ಬೈಂದೂರಿಗೆ ಸಮೀಪದಲ್ಲಿ, ಬಿಜೂರು ಎಂಬ ಊರಿದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟದ ಸಾಲು, ನಡುವೆ ರಾಷ್ಟ್ರೀಯ ಹೆದ್ದಾರಿಯೂ ಕೊಂಕಣ ರೈಲಿನ ಹಳಿಯೂ. ಕವಿ ಗೋಪಾಲಕೃಷ್ಣ ಅಡಿಗರ ಮೊಗೇರಿಯೂ ಇದೇ ಸೀಮೆಯದು. ಕೊಲ್ಲೂರಿಗೋ ಮುರುಡೇಶ್ವರಕ್ಕೋ ಹೋಗುವ ಯಾತ್ರಿಕರ ಕಾರುಗಳು ಇಲ್ಲಿ ನಿಲ್ಲುವುದು ಅಪರೂಪ. ಹೆದ್ದಾರಿಯಿಂದ ಮೂಡಣಕ್ಕೆ ಹೊರಳುವ ಕೆಂಪುಮಣ್ಣಿನ ದಾರಿಗಳನ್ನು ಯಾರೂ ಪ್ರವಾಸಲೇಖನಕ್ಕೆ ವಸ್ತುವೆಂದು ಎಣಿಸಿದಂತಿಲ್ಲ. ಆದರೂ ಆ ದಾರಿಯ ಮನೆಗಳ ಕೊಟ್ಟಿಗೆಯಲ್ಲೂ ಅಡುಗೆಮನೆಯಲ್ಲೂ ಹಿಂದೆ ಇದ್ದ ವಸ್ತುಗಳ ಪಟ್ಟಿಯೇ ಒಂದು ನಿಘಂಟು: ಗೊಬ್ಬರ ಹೊರುವ ಹೆಡಿಗೆ, ಅನ್ನ ಬಸಿಯುವ ಸಿಬ್ಬಲು, ಅಕ್ಕಿ ಗೇರುವ ಗೆರಸಿ, ನಾಟಿಯ ಮಳೆಯಲ್ಲಿ ಬೆನ್ನಿಗೆ ಹೊದೆಯುವ ಗೊರಬು, ಹುಲ್ಲಿನ ಹಗ್ಗದಿಂದ ಬಿಗಿದ ಅಕ್ಕಿಮುಡಿ. ಇವುಗಳನ್ನು ಯಾರೂ 'ಕಲೆ' ಎಂದು ಕರೆಯಲಿಲ್ಲ. ಅನುಪಯುಕ್ತವಾದ ಮೇಲೆ ಈಗ ಅವು ಹೋಟೆಲುಗಳ ಗೋಡೆಯೇರಿ ಕಲೆಯಾಗುತ್ತಿವೆ!

ಕೆಲವು ವರ್ಷಗಳ ಹಿಂದೆ ಈ ಕಡೆಯ ಒಬ್ಬ ವಿದ್ಯಾರ್ಥಿ ಕಚ್ಛಕ್ಕೆ ಹೋಗಿಬಂದು ಒಂದು ಪ್ರಬಂಧವನ್ನು ಬರೆದು ತಂದಿದ್ದ. ಭಾಷೆ ಚೆನ್ನಾಗಿತ್ತು, ಮರಳಿನ ವರ್ಣನೆ ಇನ್ನೂ ಚೆನ್ನಾಗಿತ್ತು. "ನಿಮ್ಮ ಕೊಟ್ಟಿಗೆಯಲ್ಲಿ ಹೆಡಿಗೆ ಇದೆಯೇನಪ್ಪ?" ಎಂದು ಕೇಳಿದೆ. "ಇತ್ತು ಸಾರ್, ಈಗ ಸಿಮೆಂಟಿನ ಚೀಲವೇ ಸಾಕಾಗುತ್ತದೆ" ಎಂದ. "ಹೆಣೆದವರು ಯಾರು? ಏನು ಕೊಟ್ಟಿದ್ದಿರಿ?" ಎಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊರಗರು ತಂದುಕೊಡುತ್ತಿದ್ದರು, ಹೆಸರು ಗೊತ್ತಿಲ್ಲ. ಅಜ್ಜಿ ಏನೋ ಅಕ್ಕಿ ಕೊಡುತ್ತಿದ್ದರು" ಎಂದ. ತಪ್ಪು ಆ ಹುಡುಗನದಲ್ಲ. ಹಾಗೆ ಕೇಳಬೇಕೆಂದು ಅವನು ಓದಿದ ಯಾವ ಗದ್ಯವೂ ಅವನಿಗೆ ಕಲಿಸಿರಲಿಲ್ಲ.

ಕರಾವಳಿಯ ಮೂಲನಿವಾಸಿಗಳಲ್ಲಿ ಕೊರಗರು ಒಬ್ಬರು. ಕರ್ನಾಟಕದಲ್ಲಿ 'ವಿಶೇಷವಾಗಿ ದುರ್ಬಲವಾದ ಬುಡಕಟ್ಟು' ಎಂದು ಸರಕಾರ ಗುರುತಿಸಿರುವುದು ಎರಡನ್ನು ಮಾತ್ರ. ಒಂದು ಜೇನುಕುರುಬರು, ಇನ್ನೊಂದು ಕೊರಗರು. ೨೦೧೧ರ ಜನಗಣತಿಯಲ್ಲಿ ಕರ್ನಾಟಕ, ಕೇರಳಗಳೆರಡರಲ್ಲಿಯೂ ಸೇರಿ ಅವರ ಸಂಖ್ಯೆ ಸುಮಾರು ೧೬ ಸಾವಿರ. ಅವರಿಗೆ ತಮ್ಮದೇ ಒಂದು ಭಾಷೆಯಿದೆ, ಡಿ. ಎನ್. ಶಂಕರ ಭಟ್ಟರು ಅದನ್ನು ಅಭ್ಯಸಿಸಿ ೧೯೭೧ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಬಿದಿರು, ಬೆತ್ತ, ಕಾಡುಬಳ್ಳಿಗಳಿಂದ ಬುಟ್ಟಿ ಹೆಣೆಯುವುದು ಅವರ ಪರಂಪರೆಯ ಕಸುಬು. ೧೯೦೯ರಲ್ಲಿ ಅಚ್ಚಾದ ಥರ್ಸ್ಟನ್ ಸಾಹೇಬರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಕೊರಗರ ವಿಷಯವುಂಟು. ಅಲ್ಲಿ ಓದುಗರ ನೆನಪಿನಲ್ಲಿ ಉಳಿಯುವುದು ಆ ಹೆಂಗಸರ ಎಲೆಯುಡುಗೆಯ ಪ್ರಸ್ತಾಪ. ಪ್ರವಾಸಿಯ ಕಣ್ಣು ಅಂದಿಗೂ ಇಂದಿಗೂ ವಿಚಿತ್ರವನ್ನೇ ಹುಡುಕುತ್ತದೆ. ಕೆಲಸ ಅದಕ್ಕೆ ಸಪ್ಪೆ.

ಕೊರಗರ ಬುಟ್ಟಿಯ ಸಾಮಗ್ರಿಯ ಪ್ರಶ್ನೆಯನ್ನು ಕೇಳಿದರೆ ಅದು ನಮ್ಮನ್ನು ಕಾಡಿನ ಕಾನೂನಿನವರೆಗೆ ಕರೆದೊಯ್ಯುತ್ತದೆ. ಬಳ್ಳಿ ಬೆಳೆಯುವುದು ಕಾಡಿನಲ್ಲಿ, ಕಾಡಿಗೆ ಗಡಿಕಲ್ಲುಗಳಿವೆ. ಬಿದಿರು, ಬೆತ್ತ ಮೊದಲಾದ ಕಿರು ಉತ್ಪನ್ನಗಳ ಮೇಲೆ ಅರಣ್ಯವಾಸಿಗಳಿಗೆ ಹಕ್ಕಿದೆಯೆಂದು ೨೦೦೬ರ ಅರಣ್ಯಹಕ್ಕು ಕಾಯಿದೆ ಹೇಳಿತು. ಕಾಗದದ ಮೇಲಿನ ಹಕ್ಕಿಗೂ ಕತ್ತಿಯ ಬಾಯಿಗೆ ಸಿಗುವ ಬಳ್ಳಿಗೂ ನಡುವೆ ಇರುವ ದಾರಿಯೇ ನಿಜವಾದ ಒಳದಾರಿ. ಅದನ್ನು ನಡೆದು ನೋಡಿ ಬರೆದ ಪ್ರವಾಸಗದ್ಯ ನಮಗೆ ಬೇಕಾಗಿದೆ.

ಇದೇ ಸೀಮೆಯಲ್ಲಿ ಹೆಸರು ಗಳಿಸಿದ ಕಸುಬೂ ಒಂದುಂಟು. ಕುಂದಾಪುರದ ಹತ್ತಿರದ ಉಪ್ಪಿನಕುದ್ರು ಹೊಳೆಯ ನಡುವಣ ಊರು. 'ಕುದ್ರು' ಎಂದರೇ ನಡುಗಡ್ಡೆ. ಅಲ್ಲಿಯ ಕಾಮತ ಮನೆತನದವರು ಬಡಗುತಿಟ್ಟಿನ ಯಕ್ಷಗಾನದ ವೇಷಗಳನ್ನೇ ತೊಡಿಸಿ ಸೂತ್ರದ ಗೊಂಬೆಗಳನ್ನು ಆಡಿಸುತ್ತ ಬಂದಿದ್ದಾರೆ. ಕೊಗ್ಗ ದೇವಣ್ಣ ಕಾಮತರ ಹೆಸರನ್ನು ನಾಡೆಲ್ಲ ಬಲ್ಲುದು. ಅದು ಯೋಗ್ಯವಾದ ಕೀರ್ತಿ. ಆದರೆ ಒಂದೇ ಸೀಮೆಯ ಎರಡು ಕಸುಬುಗಳಲ್ಲಿ ಒಂದಕ್ಕೆ ಹೆಸರಿದ್ದು ಇನ್ನೊಂದಕ್ಕೆ ಇಲ್ಲದಿರುವುದನ್ನು ವಿಮರ್ಶಕ ಗಮನಿಸಬೇಕು. ಗೊಂಬೆ ರಂಗದ ಮೇಲೆ ನಿಂತು ರಾಮಾಯಣ ಹೇಳುತ್ತದೆ. ಬುಟ್ಟಿ ಕೊಟ್ಟಿಗೆಯಲ್ಲಿ ಕುಳಿತು ಸಗಣಿ ಹೊರುತ್ತದೆ. ಗೊಂಬೆಯಾಡಿಸುವವರನ್ನು ನಾವು ಜಗಲಿಯಲ್ಲಿ ಕೂರಿಸಿದೆವು. ಬುಟ್ಟಿ ತಂದವರನ್ನು ಅಂಗಳದಾಚೆ ನಿಲ್ಲಿಸಿದೆವು. ಬೆರಳುಗಳ ಜಾಣತನದಲ್ಲಿ ಅಂತರವಿರಲಿಲ್ಲ, ಅಂತರವಿದ್ದುದು ನಮ್ಮ ಅಂಗಳದಲ್ಲಿ.

ಈ ಅಂಗಳವನ್ನು ದಾಟಿ ನಡೆದ ಕನ್ನಡ ಕೃತಿ ಯಾವುದೆಂದು ಕೇಳಿದರೆ ಪ್ರವಾಸಗ್ರಂಥಗಳ ಸಾಲನ್ನು ಬಿಟ್ಟು ಒಂದು ಕಾದಂಬರಿಯ ಕಡೆಗೆ ಕೈ ತೋರಿಸಬೇಕಾಗುತ್ತದೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ 'ಚೋಮನ ದುಡಿ' ಪ್ರಕಟವಾದುದು ೧೯೩೩ರಲ್ಲಿ. ಅದರ ಹೆಸರಿನಲ್ಲಿಯೇ ಮನುಷ್ಯನೂ ಇದ್ದಾನೆ, ವಸ್ತುವೂ ಇದೆ; ಇಬ್ಬರ ನಡುವೆ ಒಂದು ಷಷ್ಠೀವಿಭಕ್ತಿ. ದುಡಿಯೊಂದನ್ನೇ ಕೇಳಿದ ದಾರಿಹೋಕ, 'ಕಾಡಿನ ಮರೆಯಿಂದ ಎಂತಹ ಇಂಪಾದ ನಾದ!' ಎಂದು ಬರೆದುಕೊಂಡು ಮುಂದೆ ಹೋಗುತ್ತಿದ್ದ. ಕಾರಂತರು ನಾದದ ಬೆನ್ನು ಹಿಡಿದು ಗುಡಿಸಲೊಳಕ್ಕೆ ಹೋದರು. ತನ್ನದೆಂಬ ಒಂದು ತುಂಡು ಗದ್ದೆಯನ್ನು ಉಳಬೇಕೆಂಬ ಆಸೆ, ಅದನ್ನು ಕೊಡಲೊಲ್ಲದ ಲೋಕ, ಎಸ್ಟೇಟಿನ ಸಾಲ, ಮಕ್ಕಳ ಸಾವು ಇಷ್ಟನ್ನೂ ಆ ಚರ್ಮದ ಮೇಲೆ ಬೀಳುವ ಬೆರಳಿನ ಪೆಟ್ಟಿನಲ್ಲಿ ಕೇಳಿಸಿದರು. ಕೃತಿಯನ್ನು ಓದಿ ಮುಗಿಸಿದವನಿಗೆ ಆ ನಾದವನ್ನು ಇನ್ನು ಮುಂದೆ ಬರಿಯ ಇಂಪೆನ್ನಲು ಬಾಯಿ ಬರುವುದಿಲ್ಲ. ವಸ್ತುವಿನಿಂದ ಕೈಗೆ, ಕೈಯಿಂದ ಬಾಳಿಗೆ ಹೋಗುವ ಈ ಕ್ರಮವೇ ಒಳದಾರಿ. ಮಲೆಕುಡಿಯರ ಬಾಳನ್ನು ವಸ್ತುವಾಗಿಸಿಕೊಂಡ 'ಕುಡಿಯರ ಕೂಸು' ಕಾದಂಬರಿಯಲ್ಲಿಯೂ ಅವರು ಹಿಡಿದುದು ಇದೇ ದಾರಿ.

ನಾದವನ್ನು ಮೆಚ್ಚಿ ಬಾರಿಸುವವನನ್ನು ಮರೆಯುವುದು ಕೇವಲ ರುಚಿಯ ದೋಷವಲ್ಲವೆಂಬುದಕ್ಕೆ ಕರಾವಳಿಯಲ್ಲಿಯೇ ಪ್ರಮಾಣವಿದೆ. ಕಂಬಳದ ಹಿಂದಿನ ರಾತ್ರಿ ಕೊರಗರು ಗದ್ದೆಯ ಬಳಿ ಕುಳಿತು ಡೋಲು ಬಾರಿಸುತ್ತ ಹಾಡುವ ವಾಡಿಕೆ ಹಲವೆಡೆ ಇತ್ತು. ದೂರದಿಂದ ಕೇಳಿದವರಿಗೆ ಅದು ಜಾನಪದದ ಸೊಗಸು. ಹತ್ತಿರ ಹೋಗಿ ನೋಡಿದರೆ ಅದರ ಹಿಂದೆ 'ಅಜಲು' ಎಂಬ ಪದ್ಧತಿ ನಿಂತಿತ್ತು. ಕೂಲಿ ಕೊಡದೆ ದುಡಿಸುವುದು, ಉಗುರು-ಕೂದಲು ಬೆರೆಸಿದ ಅನ್ನವನ್ನು ತಿನ್ನಿಸುವುದು, ಕಂಬಳದ ಮೊದಲು ಮನುಷ್ಯರನ್ನೇ ಕೋಣಗಳಂತೆ ಓಡಿಸುವುದು: ಇವು ಯಾವುದೋ ಪುರಾತನ ಕಾಲದ ಮಾತಲ್ಲ. ಇವನ್ನು ನಿಷೇಧಿಸಲು ಕರ್ನಾಟಕ ಸರಕಾರ ಒಂದು ಪ್ರತ್ಯೇಕ ಶಾಸನವನ್ನು ಮಾಡಬೇಕಾಗಿ ಬಂದುದು ೨೦೦೦ದಲ್ಲಿ. ಡೋಲಿನ ಗತಿಯನ್ನು ವರ್ಣಿಸಿ ಅಜಲಿನ ಹೆಸರೆತ್ತದ ಬರವಣಿಗೆ ಎಷ್ಟು ಇಂಪಾಗಿದ್ದರೂ ಅರ್ಧಸತ್ಯ. ಅರ್ಧಸತ್ಯವನ್ನು ಅಂದವಾಗಿ ಹೇಳುವುದು ಸಾಹಿತ್ಯದಲ್ಲಿ ಸಣ್ಣ ಅಪರಾಧವಲ್ಲ.

ಇದಕ್ಕೆ ಎದುರಾದ ಇನ್ನೊಂದು ದೋಷವೂ ಇದೆ. ಅದು ಕರುಣೆಯ ವೇಷದಲ್ಲಿ ಬರುತ್ತದೆ. 'ಅಯ್ಯೋ, ಈ ಕಸುಬು ಅಳಿಯುತ್ತಿದೆಯಲ್ಲ, ಇವರ ಮಕ್ಕಳು ಇದನ್ನು ಬಿಡುತ್ತಿದ್ದಾರಲ್ಲ' ಎಂಬ ಹಲುಬು. ಯಾರ ಮಕ್ಕಳು ಯಾವ ಕಸುಬನ್ನು ಹಿಡಿಯಬೇಕೆಂದು ನಗರದ ಓದುಗನೂ ಪ್ರವಾಸದ ಲೇಖಕನೂ ಗೊತ್ತುಮಾಡುವುದು ಯಾವ ನ್ಯಾಯ? ನಮ್ಮ ಮಕ್ಕಳು ಎಂಜಿನಿಯರುಗಳಾಗಬೇಕು. ಅವರ ಮಕ್ಕಳು ಮಾತ್ರ ನಮ್ಮ ಕಣ್ಣಿನ ಹಬ್ಬಕ್ಕಾಗಿ ಬುಟ್ಟಿ ಹೆಣೆಯುತ್ತಿರಬೇಕು! ಕಸುಬನ್ನು ಮುಂದುವರಿಸುವ ಹಕ್ಕಿನಷ್ಟೇ ಅದನ್ನು ಬಿಡುವ ಹಕ್ಕೂ ದೊಡ್ಡದು. ಉಳಿಯಬೇಕೆಂದಿದ್ದರೆ ಉಳಿಯುವುದು ಮರುಕದಿಂದಲ್ಲ, ಮಾನದಿಂದ ಮತ್ತು ಬೆಲೆಯಿಂದ. ಈ ಮಾತನ್ನು ಕಾರ್ಯದಲ್ಲಿ ಕಂಡವರು ನಮ್ಮ ಕರಾವಳಿಯವರೇ. ೧೯೦೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೫೨ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷರಾಗಿ ದೇಶದ ಮೂಲೆಮೂಲೆಯ ಕಸುಬುದಾರರ ಬಳಿಗೆ ಹೋದರು. ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ, ಅವರ ವಸ್ತುಗಳಿಗೆ ಮಾರುಕಟ್ಟೆ, ಅವರ ಹೆಸರಿಗೆ ಗೌರವ: ಇವುಗಳ ಹಿಂದೆ ಅವರ ತಿರುಗಾಟವಿತ್ತು. ಆಕೆಯೂ ಪ್ರವಾಸಿಯೇ, ಆದರೆ ನಾಲ್ಕು ಪ್ರಶ್ನೆಗಳನ್ನೂ ಕೇಳಿದ ಪ್ರವಾಸಿ.

ಬರಹಗಾರರಲ್ಲಿ ಅಂತಹ ಒಬ್ಬರನ್ನು ಹೆಸರಿಸಬೇಕಾದರೆ ಹೊನ್ನಾವರದ ಕೃಷ್ಣಾನಂದ ಕಾಮತರನ್ನು ಹೆಸರಿಸಬೇಕು. ೧೯೩೪ರಲ್ಲಿ ಹುಟ್ಟಿ ೨೦೦೨ರಲ್ಲಿ ತೀರಿಕೊಂಡ ಅವರು ಮೊದಲಿಗೆ ವಿಜ್ಞಾನಿ. ಕೀಟಗಳನ್ನು ನೋಡಿ ಪಳಗಿದ ಕಣ್ಣು ಅವರದು. ಆ ಕಣ್ಣನ್ನೇ ಹಿಡಿದುಕೊಂಡು ಬಸ್ತಾರದ ಬುಡಕಟ್ಟುಗಳ ನಡುವೆ ತಿರುಗಿ ಕನ್ನಡದಲ್ಲಿ ಬರೆದರು, ಚಿತ್ರ ತೆಗೆದರು. ಮನೆಗೆ ಮರಳಿದ ಮೇಲೆ ಆ ಕಣ್ಣು ಮುಚ್ಚಲಿಲ್ಲವೆಂಬುದು ಹೆಚ್ಚಿನ ಮಾತು. ಕರಾವಳಿಯ ಗುಡಿಗಳ, ಹಳೆಯ ಮನೆಗಳ ಗೋಡೆಯ ಮೇಲೆ ಕೆಮ್ಮಣ್ಣಿನ ಗಾರೆಯನ್ನು ಕೆರೆದು ಒಳಗಿನ ಬಿಳುಪನ್ನು ತೋರಿಸಿ ಬಿಡಿಸುವ 'ಕಾವಿ' ಚಿತ್ರಗಳನ್ನು ಅವರು ಹುಡುಕಿ ದಾಖಲಿಸಿದರು. ನಿತ್ಯ ಆ ಗೋಡೆಗಳ ಮುಂದೆ ಹಾದುಹೋಗುತ್ತಿದ್ದವರಿಗೆ ಅವು ಕಂಡುದು ಅವರ ಮೂಲಕ. ದೂರದ ಬಸ್ತಾರವನ್ನು ನೋಡಿದ ಶ್ರಮ ಸಾರ್ಥಕವಾಗುವುದು ಹೀಗೆ, ಹತ್ತಿರದ ಗೋಡೆ ಕಣ್ಣಿಗೆ ಬಿದ್ದಾಗ.

ಆದುದರಿಂದ ಮರುಭೂಮಿಗೆ ಹೋಗಬೇಡಿರೆಂದು ಇಲ್ಲಿ ಯಾರಿಗೂ ಹೇಳುತ್ತಿಲ್ಲ. ಹೋಗಬೇಕು, ಮರಳನ್ನೂ ಬೆಳದಿಂಗಳನ್ನೂ ನೋಡಬೇಕು, ಬರೆಯಲೂ ಬೇಕು. ಬರೆಯುವಾಗ ವಿಶೇಷಣಗಳನ್ನು ನಾಲ್ಕು ಕಡಮೆ ಮಾಡಿ, ಪ್ರಶ್ನೆಗಳನ್ನು ನಾಲ್ಕು ಹೆಚ್ಚು ಮಾಡಿದರೆ ನಮ್ಮ ಪ್ರವಾಸಗದ್ಯಕ್ಕೆ ತೂಕ ಬಂದೀತು. 'ತೃಪ್ತರು' ಎಂದು ಬರೆಯುವ ಮೊದಲು ತೃಪ್ತರೇ ಎಂದು ಅವರನ್ನೇ ಕೇಳಬಹುದು. 'ಅಳಿವಿನಂಚು' ಎಂದು ಬರೆಯುವ ಮೊದಲು ಅಂಚಿಗೆ ತಳ್ಳಿದವರು ಯಾರೆಂದು ಹುಡುಕಬಹುದು. ಸಂಪಾದಕರು ಕೂಡ ಅಜರಖ್‌ಪುರಕ್ಕೆ ಒಂದು ಪುಟ ಕೊಟ್ಟಾಗ, ಬಿಜೂರಿನಿಂದ ಮೂಡಣಕ್ಕೆ ಹೋಗುವ ದಾರಿಗೆ ಅರ್ಧ ಪುಟವನ್ನಾದರೂ ಕೊಡಬಹುದು. ಆ ಅರ್ಧ ಪುಟದಲ್ಲಿ ಬುಟ್ಟಿಯ ಚಿತ್ರವಿರದಿದ್ದರೂ ಚಿಂತೆಯಿಲ್ಲ. ಹೆಣೆದವರು ಒಪ್ಪಿ ಹೇಳಿದರೆ ಅವರ ಹೆಸರಿರಲಿ, ಬಳ್ಳಿ ತಂದ ಕಾಡಿನ ಹೆಸರಿರಲಿ, ಕೈಗೆ ಬಂದ ಹಣ ಎಷ್ಟೆಂದಿರಲಿ.